ಸಕ್ಕರೆ ಸೀಮೆಯವರು ಸಕ್ಕರೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಧೋಳ ಕಡೆಯವಳು. ಅಪ್ಪ ಕಬ್ಬು ಬೆಳೆಯುತ್ತಿದ್ದರು. ಸೀಸನ್ ಶುರುವಾಯಿತು ಅಂದರೆ ನಮ್ಮ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್, ಊರ ತುಂಬ ಕಾರ್ಖಾನೆಯ ವಾಸನೆ. ಈಗ ಬಾಗಲಕೋಟೆಯಲ್ಲಿ ಡಯಟಿಷಿಯನ್ ಆಗಿದ್ದೇನೆ. ಅಪ್ಪ ಮಾರಿದ್ದನ್ನು ಮಗಳು ಬಿಡಿಸುತ್ತಾಳೆ ಅಂತ ನಮ್ಮ ಕಾಕಾ ಈಗಲೂ ನಗುತ್ತಾರೆ. ಬೆಳಗಾವಿ, ಜಮಖಂಡಿ, ವಿಜಯಪುರ ಎಲ್ಲಿಂದ ಬಂದವರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಒಮ್ಮೆ ಬರೆದಿಡುತ್ತಿದ್ದೇನೆ.

ಸೇರಿಸಿದ ಸಕ್ಕರೆ ಅಂದರೆ ಯಾವುದು? ಎಲ್ಲಾ ಸಕ್ಕರೆಯೂ ಒಂದೇ ಅಲ್ವಾ?

ಹಣ್ಣಿನಲ್ಲಿ, ಹಾಲಿನಲ್ಲಿ ತಾನಾಗಿಯೇ ಇರುವ ಸಿಹಿ ಒಂದು. ಅಡುಗೆಯಲ್ಲಿ, ಹೋಟೆಲಿನಲ್ಲಿ, ಫ್ಯಾಕ್ಟರಿಯಲ್ಲಿ ನಾವು ಸುರಿಯುವ ಸಿಹಿ ಇನ್ನೊಂದು. ಎರಡನೆಯದು ಸೇರಿಸಿದ ಸಕ್ಕರೆ. ಚಹಾದ ಸಕ್ಕರೆ, ಹೋಳಿಗೆಯ ಬೆಲ್ಲ, ಬಿಸ್ಕಿಟ್ಟಿನ ಸಿರಪ್ಪು ಎಲ್ಲವೂ ಇದೇ ಲೆಕ್ಕಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಲೆಕ್ಕಕ್ಕೆ ಜೇನುತುಪ್ಪವನ್ನೂ ಹಣ್ಣಿನ ಜ್ಯೂಸನ್ನೂ ಸೇರಿಸಿಕೊಳ್ಳುತ್ತದೆ. ಜ್ಯೂಸ್ ಯಾಕೆ ಅಂತ ಮುಂದೆ ಹೇಳುತ್ತೇನೆ.

ದಿನಕ್ಕೆ ಎಷ್ಟು ನಡೆಯುತ್ತದೆ?

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು: ದಿನದ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ ಇರಲಿ, 5ಕ್ಕಿಂತ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಮೊದಲನೆಯದು 50 ಗ್ರಾಂ, ಎರಡನೆಯದು 25 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ 25ರಿಂದ 30 ಗ್ರಾಂ ಹತ್ತಿರವೇ ನಿಲ್ಲುತ್ತದೆ. ನಾನು ಹೇಳುವುದೂ ಅದನ್ನೇ. ಒಂದು ಟೀ ಚಮಚದ ತುದಿ ಒರೆಸಿ ತೆಗೆದರೆ ಸುಮಾರು 4 ಗ್ರಾಂ. ಅಂದರೆ ದಿನಕ್ಕೆ ಆರೇಳು ಚಮಚ. ನಮ್ಮ ಮನೆಗಳಲ್ಲಿ ಚಮಚ ಒರೆಸುವ ಪದ್ಧತಿ ಇಲ್ಲ, ಗೋಪುರ ಕಟ್ಟುವ ಪದ್ಧತಿ ಇದೆ. ಹಾಗಾಗಿ ನಾಲ್ಕೈದು ಚಮಚ ಅಂತಲೇ ಹಿಡಿಯಿರಿ.

"ನಾ ಅಷ್ಟೇನ್ ತಿನ್ನಂಗಿಲ್ರೀ ಮೇಡಮ್." ಇದನ್ನು ಪತ್ತೆ ಹಚ್ಚುವುದು ಹೇಗೆ?

ಎಲ್ಲರೂ ಇದೇ ಮಾತು ಹೇಳುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ, ನಿಜವಾಗಿಯೂ ಲೆಕ್ಕ ಸಿಗುವುದಿಲ್ಲ. ಅದಕ್ಕೆ ನಾನು ಬಾಯಿಮಾತು ಬಿಟ್ಟು ಕಿರಾಣಿ ಚೀಟಿ ಕೇಳುತ್ತೇನೆ. ತಿಂಗಳಿಗೆ ಎಷ್ಟು ಕಿಲೋ ಸಕ್ಕರೆ ತರುತ್ತೀರಿ? ಮನೆಯಲ್ಲಿ ಎಷ್ಟು ಜನ?

ಐದು ಜನರ ಮನೆಗೆ 6 ಕಿಲೋ ಅನ್ನಿ. 6000 ಗ್ರಾಂ ಭಾಗಿಸು ಐದು, ಭಾಗಿಸು 30. ತಲೆಗೆ ದಿನಕ್ಕೆ 40 ಗ್ರಾಂ ಬಂತು. ಇದು ಬರೀ ಡಬ್ಬಿಯ ಸಕ್ಕರೆ. ಬೆಲ್ಲದ ಪೆಂಟೆ ಬೇರೆ, ಬಿಸ್ಕಿಟ್ ಬೇರೆ, ಅಂಗಡಿಯ ಚಹಾ ಬೇರೆ. ಬಂದವರಿಗೂ ಒಂದಿಷ್ಟು ಹೋಗುತ್ತದೆ, ಒಪ್ಪೋಣ. ಆದರೂ ಲೆಕ್ಕ ಜಾಸ್ತಿಯೇ. ಚೀಟಿ ನೋಡಿ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಹಾಗಾದರೆ ಹೋಳಿಗೆ, ಕುಂದಾ, ಕರದಂಟು ಎಲ್ಲಾ ಬಿಡಬೇಕಾ?

ಬೇಡ. ಅಷ್ಟು ಕಷ್ಟ ಕೊಡಲಾರೆ, ನಾನೂ ಈ ಸೀಮೆಯವಳಲ್ವಾ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ ಇಲ್ಲದೆ ಜೋಕಾಲಿ ಆಡಿದವರು ಯಾರಿದ್ದಾರೆ? ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಬೇಕು, ಸಂಕ್ರಮಣಕ್ಕೆ ಕುಸುರೆಳ್ಳು ಬೇಕು. ಹಬ್ಬ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಶುಗರ್ ಇಲ್ಲದವರು ಆ ದಿನ ಎರಡು ಹೋಳಿಗೆ ತಿಂದರೆ ಮುಳುಗುವುದೇನಿಲ್ಲ. ಹಬ್ಬ ಮುಗಿದ ಮೇಲೆ ಹದಿನೈದು ದಿನ ಡಬ್ಬಿಯಲ್ಲಿ ಉಳಿಯುವ ಉಂಡಿ ಮಾತ್ರ ಬೇರೆ ಕಥೆ. ಬೆಳಗಾವಿಯ ಕುಂದಾ, ಗೋಕಾಕ ಅಥವಾ ಅಮೀನಗಡದ ಕರದಂಟು ತಂದರೆ ಮನೆಯವರಿಗೆಲ್ಲ ಹಂಚಿ ಅದೇ ದಿನ ಮುಗಿಸಿ. ಕರದಂಟಿನಲ್ಲಿ ಅಂಟು, ಒಣಕೊಬ್ಬರಿ, ಗೋಡಂಬಿ ಇದೆ, ಶಕ್ತಿ ಬರುತ್ತದೆ ಅನ್ನುವುದು ನಿಜ. ಜೊತೆಗೆ ಬೆಲ್ಲವೂ ಅಷ್ಟೇ ಇದೆ ಅನ್ನುವುದೂ ನಿಜ.

ನನ್ನ ತಕರಾರು ಹಬ್ಬದ ಸಿಹಿಯ ಮೇಲಲ್ಲ. ಸಿಹಿ ಅಂತ ಗೊತ್ತೇ ಆಗದೆ ದಿನಾ ಒಳಗೆ ಹೋಗುವ ಸಿಹಿಯ ಮೇಲೆ. ಅದರಲ್ಲೂ ಕುಡಿಯುವ ಸಿಹಿಯ ಮೇಲೆ.

ಕುಡಿಯುವ ಸಿಹಿ ಅಂದರೆ ಚಹಾನಾ?

ಮೊದಲ ಹೆಸರು ಚಹಾದ್ದೇ. ಎದ್ದ ಕೂಡಲೇ ಒಂದು, ನಾಷ್ಟಾದ ಜೊತೆ ಒಂದು, ಆಫೀಸಿಗೆ ಅಥವಾ ಹೊಲಕ್ಕೆ ಹೋದ ಮೇಲೆ ಒಂದು, ಗೆಳೆಯ ಸಿಕ್ಕನೆಂದು ಒಂದು, ಸಂಜೆ ಒಂದು. "ಅರ್ಧ ಕಪ್ಪು ರೀ, ಅಷ್ಟೇ" ಅನ್ನುತ್ತಾರೆ. ಕಪ್ಪು ಅರ್ಧ, ಸಕ್ಕರೆ ಅರ್ಧ ಅಲ್ಲ. ನಮ್ಮ ಕಡೆಯ ಅಂಗಡಿ ಚಹಾ ತುಟಿಗೆ ಅಂಟುತ್ತದೆ. ಒಂದೊಂದರಲ್ಲಿ 8 ಗ್ರಾಂ ಅಂತ ಇಟ್ಟುಕೊಂಡರೂ ಐದಕ್ಕೆ 40 ಗ್ರಾಂ. ಒಂದು ತುಣುಕು ಸಿಹಿಯನ್ನೂ ತಿನ್ನದೆ ದಿನದ ಮಿತಿ ದಾಟಿದಂತಾಯಿತು. ಅದರಲ್ಲಿ ಅದ್ದಿದ ಟೋಸ್ಟಿಗೂ ಬಿಸ್ಕಿಟ್ಟಿಗೂ ಸಕ್ಕರೆ ಹಾಕಿರುತ್ತಾರೆ. ಸಾಮಾನ್ಯ ಗ್ಲೂಕೋಸ್ ಬಿಸ್ಕಿಟ್ಟಿನಲ್ಲಿ ಸುಮಾರು ಕಾಲು ಪಾಲು ಸಕ್ಕರೆಯೇ.

ದಾರಿ ಇದೆ. ವಾರಕ್ಕೆ ಕಾಲು ಚಮಚದಂತೆ ಇಳಿಸಿ. ಒಮ್ಮೆಲೇ ಬಿಟ್ಟರೆ ಮೂರನೇ ದಿನ ಜಗಳವಾಗುತ್ತದೆ. ಮೆಲ್ಲಗೆ ಇಳಿಸಿದರೆ ನಾಲಗೆ ತಾನೇ ಹೊಂದಿಕೊಳ್ಳುತ್ತದೆ. ಎರಡು ತಿಂಗಳ ಮೇಲೆ ಹಳೆಯ ಚಹಾ ಕುಡಿದು ನೋಡಿ, ಪಾಯಸ ಕುಡಿದಂತೆ ಅನಿಸುತ್ತದೆ. ಬೀಗರ ಮನೆಯಲ್ಲಿ ಏನು ಮಾಡುವುದು ಅಂತ ಕೇಳುತ್ತಾರೆ. ಬೇಡ ಅಂದರೆ ಬೇಜಾರಾಗುತ್ತಾರೆ, ಅದು ಖರೆ. ಕುದಿಯುವ ಮೊದಲೇ "ನನಗ ಶುಗರ್‌ಲೆಸ್" ಅಂದುಬಿಡಿ. ಈಗ ಎಲ್ಲರ ಮನೆಯಲ್ಲೂ ಆ ಮಾತು ಅರ್ಥವಾಗುತ್ತದೆ. ಅದೇ ಒಂದು ವಿಷಾದ, ಬಿಡಿ.

ಕಬ್ಬಿನ ಹಾಲು ನೈಸರ್ಗಿಕ ಅಲ್ವಾ?

ನೈಸರ್ಗಿಕವೇ. ಸಕ್ಕರೆ ಕಾರ್ಖಾನೆಗೆ ಹೋಗುವುದೂ ಅದೇ ನೈಸರ್ಗಿಕ ರಸ! 100 ಮಿಲಿ ಕಬ್ಬಿನ ಹಾಲಿನಲ್ಲಿ 12ರಿಂದ 15 ಗ್ರಾಂ ಸಕ್ಕರೆ. ದೊಡ್ಡ ಗ್ಲಾಸು 250 ಮಿಲಿ ಹಿಡಿದರೆ 30 ಗ್ರಾಂ ದಾಟಿತು. ಶುಂಠಿ, ಲಿಂಬೆ ಹಿಂಡಿದರೆ ರುಚಿ ಬರುತ್ತದೆ, ಸಕ್ಕರೆ ಕಮ್ಮಿ ಆಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಸಣ್ಣ ಗ್ಲಾಸು ಸಾಕು. ಶುಗರ್ ಇದ್ದವರಿಗೆ ಅದೂ ಬೇಡ. ಇನ್ನು ಕಬ್ಬನ್ನು ಹಲ್ಲಿನಿಂದ ಸಿಗಿದು ತಿನ್ನುವುದು ಬೇರೆ. ಒಂದು ಗಣಿಕೆ ಮುಗಿಸುವಷ್ಟರಲ್ಲಿ ದವಡೆಯೇ ಸಾಕೆನ್ನುತ್ತದೆ.

ಬಾಟಲಿ ಪಾನೀಯಗಳ ಲೆಕ್ಕ ಹೇಗೆ?

ಸಾಮಾನ್ಯ ಕೋಲಾದಲ್ಲಿ 100 ಮಿಲಿಗೆ 10–11 ಗ್ರಾಂ. 600 ಮಿಲಿ ಬಾಟಲಿ ಒಬ್ಬರೇ ಮುಗಿಸಿದರೆ 60 ಗ್ರಾಂಗೂ ಮೇಲೆ, ಅಂದರೆ ಹದಿನೈದು ಚಮಚ. ಯಾರಾದರೂ ನಿಮ್ಮ ಎದುರು ಒಂದು ಚೊಂಬು ನೀರಿಗೆ ಹದಿನೈದು ಚಮಚ ಸಕ್ಕರೆ ಸುರಿದು ಕುಡಿ ಅಂದರೆ ಕುಡಿಯುತ್ತೀರಾ? ತಣ್ಣಗಿರುವುದರಿಂದ, ಹುಳಿ ಸೇರಿರುವುದರಿಂದ ಅಷ್ಟು ಸಿಹಿ ಅಂತ ನಾಲಗೆಗೆ ಗೊತ್ತಾಗುವುದಿಲ್ಲ. ಇನ್ನೊಂದು ಮೋಸ: ಕುಡಿದ ಕ್ಯಾಲೊರಿ ಹೊಟ್ಟೆ ತುಂಬಿಸುವುದಿಲ್ಲ. ಎರಡು ರೊಟ್ಟಿ ಜಾಸ್ತಿ ತಿಂದರೆ ಮುಂದಿನ ಊಟ ತಾನಾಗಿಯೇ ಕಮ್ಮಿ ಆಗುತ್ತದೆ. ಬಾಟಲಿ ಕುಡಿದವರು ಊಟ ಕಮ್ಮಿ ಮಾಡುವುದಿಲ್ಲ.

ವಿಜಯಪುರದ ಬಿಸಿಲಿಗೆ ಏನು ಕುಡಿಯಲಿ ಅಂದರೆ ಮಜ್ಜಿಗೆ ಇದೆ. ಇಂಡಿಯ ಲಿಂಬೆ ಇದೆ, ಉಪ್ಪು ಜೀರಿಗೆ ಹಾಕಿ ಹಿಂಡಿ. ಮಡಕೆಯ ನೀರು ಎಲ್ಲಕ್ಕಿಂತ ಮೇಲು.

ನಮ್ಮ ಮನೆಯಲ್ಲಿ ಬರೀ ಬೆಲ್ಲ. ಬೆಲ್ಲ ತಿಂದರೆ ಶುಗರ್ ಬರಲ್ಲ ಅಲ್ವಾ?

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಈಗಲೂ ಅಪ್ಪ ನೆನಪಾಗುತ್ತಾರೆ. ಮಹಾಲಿಂಗಪುರದ ಬೆಲ್ಲದ ಪೇಟೆ ನಮಗೆ ಹತ್ತಿರ. ಸಕ್ಕರೆ ವಿಷ, ಬೆಲ್ಲ ಔಷಧ ಅನ್ನುತ್ತಿದ್ದರು. ಊಟವಾದ ಮೇಲೆ ಒಂದು ಹೆಂಟೆ ಬೆಲ್ಲ ಬಾಯಿಗೆ ಹಾಕಿಕೊಂಡರೇ ಊಟ ಮುಗಿದಂತೆ. ಐವತ್ತೆರಡಕ್ಕೆ ಶುಗರ್ ಬಂತು. "ಸಕ್ರಿ ಮುಟ್ಟಿಲ್ಲ, ಹ್ಯಾಂಗ್ ಬಂತು?" ಅಂತ ಡಾಕ್ಟರಿಗೇ ಕೇಳಿದರು.

ಬೆಲ್ಲ ಮತ್ತು ಸಕ್ಕರೆ ಒಂದೇ ಗಾಣದ ಮಕ್ಕಳು. ಬೆಲ್ಲದಲ್ಲೂ ಬಹುಪಾಲು ಸುಕ್ರೋಸ್, ಉಳಿದದ್ದರಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಒಂದಿಷ್ಟು ನೀರು, ಒಂದಿಷ್ಟು ಖನಿಜ. 100 ಗ್ರಾಂ ಸಕ್ಕರೆಗೆ 400 ಕ್ಯಾಲೊರಿ ಇದ್ದರೆ ಬೆಲ್ಲಕ್ಕೆ 380ರ ಆಸುಪಾಸು. ರಕ್ತದಲ್ಲಿ ಗ್ಲೂಕೋಸ್ ಏರಿಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಕಬ್ಬಿಣದ ಅಂಶ ಇದೆ ಅನ್ನುವುದು ನಿಜ. ಆದರೆ ದಿನಕ್ಕೆ ತಿನ್ನುವ ಒಂದು ತುಂಡಿನಲ್ಲಿ ಬರುವುದು ಚೂರು. ಕಬ್ಬಿಣ ಬೇಕಾದರೆ ಸಜ್ಜೆ ರೊಟ್ಟಿ ತಿನ್ನಿ, ಸೊಪ್ಪಿನ ಪಲ್ಯ ತಿನ್ನಿ, ಮೇಲೆ ಲಿಂಬೆ ಹಿಂಡಿ.

ಬೆಲ್ಲದ ಒಂದು ಗುಣ ನಾನು ಒಪ್ಪುತ್ತೇನೆ. ಅದಕ್ಕೆ ರುಚಿ ಇದೆ. ಸಕ್ಕರೆಗೆ ಬರೀ ಸಿಹಿ. ರುಚಿ ಇರುವುದರಿಂದ ಸ್ವಲ್ಪ ಹಾಕಿದರೂ ಮಾದಲಿಗೆ ಸಾಕಾಗುತ್ತದೆ. ಹಾಗೆ ಕಮ್ಮಿ ಹಾಕುವುದಾದರೆ ಬೆಲ್ಲ ಒಳ್ಳೆಯದು. ಬೆಲ್ಲ ತಾನೇ ಅಂತ ಎರಡು ಹಿಡಿ ಹಾಕುವುದಾದರೆ ಅಲ್ಲ. ತರುವಾಗ ಬಂಗಾರದ ಬಣ್ಣಕ್ಕೆ ಮರುಳಾಗಬೇಡಿ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು. ಕಂದು ಬೆಲ್ಲ ನೋಡಲು ಮಂಕು, ತಿನ್ನಲು ವಾಸಿ.

ಕಲ್ಲುಸಕ್ಕರೆ, ಬ್ರೌನ್ ಶುಗರ್, ಜೇನುತುಪ್ಪ?

ಕಲ್ಲುಸಕ್ಕರೆ ಸಕ್ಕರೆಯೇ, ಹರಳು ದೊಡ್ಡದು. ಬ್ರೌನ್ ಶುಗರ್ ಸಕ್ಕರೆಯೇ, ರೇಟು ದೊಡ್ಡದು. ಜೇನಿನಲ್ಲೂ ನೂರಕ್ಕೆ 80ರಷ್ಟು ಸಕ್ಕರೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬೇಡಿ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಆಯಿ ಹೇಳಿದರೂ ಬೇಡ.

ನೇರವಾಗಿ ಹೇಳಿ. ಸಕ್ಕರೆ ತಿಂದರೆ ಸಕ್ಕರೆ ಕಾಯಿಲೆ ಬರುತ್ತದಾ?

ಹೆಸರು ಹಾಗಿರುವುದರಿಂದ ಗೊಂದಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1ಕ್ಕೂ ಸಕ್ಕರೆ ತಿನ್ನುವುದಕ್ಕೂ ಸಂಬಂಧವಿಲ್ಲ. ಆ ತಾಯಂದಿರು ಸುಮ್ನೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ದೊಡ್ಡವರಿಗೆ ಬರುವ ಟೈಪ್ 2ರಲ್ಲಿ ಮನೆತನ, ಹೊಟ್ಟೆಯ ಸುತ್ತಳತೆ, ಓಡಾಟ ಕಮ್ಮಿ ಆಗಿರುವುದು, ಒಟ್ಟು ಊಟ ಎಲ್ಲಾ ಸೇರುತ್ತವೆ. ಸಕ್ಕರೆ ಅದರಲ್ಲಿ ಒಂದು ಕೈ. ಆದರೆ ಸಿಹಿ ಪಾನೀಯದ ವಿಷಯದಲ್ಲಿ ಸಾಕ್ಷಿ ಗಟ್ಟಿ. ದಿನಾ ಕುಡಿಯುವವರಿಗೆ ಟೈಪ್ 2 ಬರುವ ಸಂಭವ ಹೆಚ್ಚು. ತೂಕದ ಲೆಕ್ಕ ತೆಗೆದಿಟ್ಟು ನೋಡಿದರೂ ಆ ಸಂಬಂಧ ಉಳಿಯುತ್ತದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರಿಂದ 6.4 ಬಂದರೆ ಹೊಸ್ತಿಲು, 6.5 ಮತ್ತು ಮೇಲೆ ಬಂದರೆ ಮನೆಯೊಳಗೆ. ಹೊಸ್ತಿಲಲ್ಲಿದ್ದವರಿಗೆ ಹಿಂದೆ ಸರಿಯಲು ಜಾಗ ಇದೆ. ನನ್ನ ಕೆಲಸದಲ್ಲಿ ನನಗೆ ಖುಷಿ ಕೊಡುವವರು ಅವರೇ.

ಸಿಹಿ ಪೂರ್ತಿ ಬಿಟ್ಟೆ. ಶುಗರ್ ಇಳಿಯಲಿಲ್ಲ. ಯಾಕೆ?

ತಾಟು ತುಂಬ ಅನ್ನ ಹಾಗೇ ಇದೆ ನೋಡಿ. ಪಿಷ್ಟವೂ ಕೊನೆಗೆ ಗ್ಲೂಕೋಸ್ ಆಗುತ್ತದೆ. ಜೋಳದ ರೊಟ್ಟಿ ನಿಧಾನ, ಸಾಬೂದಾಣಿ ಖಿಚಡಿ ಜೋರು. ಉಪವಾಸ ಅಂತ ಸಾಬೂದಾಣಿ ತಿಂದು ಶುಗರ್ ಏರಿಸಿಕೊಂಡು ಬರುವವರು ಪ್ರತಿ ಏಕಾದಶಿಯ ಮರುದಿನ ಇರುತ್ತಾರೆ.

ನಾನು ಕುಡಿಯುವವನಲ್ಲ. ಆದರೂ ಲಿವರಿನಲ್ಲಿ ಕೊಬ್ಬು ಅಂತ ಸ್ಕ್ಯಾನಿಂಗ್‌ನಲ್ಲಿ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಕ್ಕರೆಯ ಒಂದು ಕಣ ಹೊಟ್ಟೆಯಲ್ಲಿ ಎರಡಾಗಿ ಒಡೆಯುತ್ತದೆ, ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಇಡೀ ಮೈ ಬಳಸುತ್ತದೆ. ಮಾಂಸಖಂಡ, ಮಿದುಳು ಎಲ್ಲವೂ ಪಾಲು ಕೇಳುತ್ತವೆ. ಫ್ರಕ್ಟೋಸಿನ ಹೊರೆ ಬಹುಪಾಲು ಲಿವರಿನ ತಲೆಗೆ. ಸ್ವಲ್ಪ ಬಂದರೆ ನಿಭಾಯಿಸುತ್ತದೆ. ದಿನಾ ಜಾಸ್ತಿ ಬಂದರೆ, ಅದೂ ಪಾನೀಯದ ರೂಪದಲ್ಲಿ ಒಮ್ಮೆಲೇ ನುಗ್ಗಿದರೆ, ಲಿವರು ಅದನ್ನು ಕೊಬ್ಬು ಮಾಡುತ್ತದೆ. ಒಂದಿಷ್ಟು ಅಲ್ಲೇ ಕೂರುತ್ತದೆ, ಅದೇ ಫ್ಯಾಟಿ ಲಿವರ್. ಒಂದಿಷ್ಟು ರಕ್ತಕ್ಕೆ ಬರುತ್ತದೆ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಅಂತ ಬರೆದಿರುವುದು ಅದನ್ನೇ. ತೂಕ, ಎಣ್ಣೆ ತಿಂಡಿ, ಕೂತ ಕೆಲಸ ಕೂಡ ಕಾರಣ. ಆದರೆ ಸಕ್ಕರೆ ಇಳಿಸುವುದು ನಿಮ್ಮ ಕೈಯಲ್ಲೇ ಇರುವ ಸುಲಭದ ದಾರಿ.

ಹೃದಯಕ್ಕೂ ಇದರ ಬಿಸಿ ತಟ್ಟುತ್ತದೆ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಎರಡು ಗುಂಪಿನವರನ್ನು ಹೋಲಿಸಿ ನೋಡಿತು. ದಿನದ ಕ್ಯಾಲೊರಿಯ ಕಾಲು ಪಾಲು ಅಥವಾ ಹೆಚ್ಚನ್ನು ಸೇರಿಸಿದ ಸಕ್ಕರೆಯಿಂದಲೇ ಪಡೆಯುವವರು ಒಂದು ಕಡೆ, ನೂರಕ್ಕೆ ಹತ್ತಕ್ಕಿಂತ ಕಮ್ಮಿ ಪಡೆಯುವವರು ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ಹೃದಯ ಕಾಯಿಲೆಯಿಂದ ಸಾಯುವ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು. ಈ ಮಾತು ಇಷ್ಟು ತಡವಾಗಿ ಯಾಕೆ ಕೇಳಿಸಿತು ಅನ್ನುವುದಕ್ಕೂ ಒಂದು ಕಥೆ ಇದೆ. 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆಯೊಂದು ಹಾರ್ವರ್ಡ್ ಸಂಶೋಧಕರಿಗೆ ದುಡ್ಡು ಕೊಟ್ಟು ಲೇಖನ ಬರೆಸಿತ್ತು. 1967ರಲ್ಲಿ ಬಂದ ಆ ಲೇಖನ ತಪ್ಪನ್ನೆಲ್ಲ ಕೊಬ್ಬಿನ ಕಡೆ ತಳ್ಳಿತು. ಹಳೆಯ ಪತ್ರಗಳು ಕೈಗೆ ಸಿಕ್ಕು ಇದು ಬಯಲಾಗಿದ್ದು 2016ರಲ್ಲಿ.

ದ್ರಾಕ್ಷಿ, ಒಣದ್ರಾಕ್ಷಿ?

ವಿಜಯಪುರದವರು ಇದನ್ನು ಕೇಳದೆ ಹೋಗುವುದಿಲ್ಲ. ಇಡೀ ಹಣ್ಣಿನ ಸಿಹಿಗೆ ನಾರು, ನೀರು ಜೊತೆಗಿರುತ್ತವೆ, ನಿಧಾನ ಇಳಿಯುತ್ತದೆ. ಅದು ಸೇರಿಸಿದ ಸಕ್ಕರೆ ಅಲ್ಲ. ಜ್ಯೂಸ್ ಮಾಡಿ ಸೋಸಿದರೆ ನಾರು ದನದ ಗೋದಲಿಗೆ, ಸಿಹಿ ನಿಮಗೆ. ಒಣದ್ರಾಕ್ಷಿಯಲ್ಲಿ ನೀರು ಆರಿ ಸಿಹಿ ಗಟ್ಟಿಯಾಗಿರುತ್ತದೆ, ತೂಕದ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಹತ್ತು ಹನ್ನೆರಡು ಸಾಕು. ಬೊಗಸೆ ಬೇಡ.

ಮಕ್ಕಳಿಗೆ ಎಷ್ಟು ಕೊಡಬಹುದು?

ಎರಡು ವರ್ಷದ ತನಕ ಸಕ್ಕರೆ, ಬೆಲ್ಲ ಹಾಕಲೇಬೇಡಿ. ಕೂಸು ರುಚಿ ಕೇಳುವುದಿಲ್ಲ, ನಾವೇ ಕಲಿಸುತ್ತೇವೆ. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ಕಾಲದಿಂದ 1953ರ ತನಕ ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿತ್ತು. ಹೊಟ್ಟೆಯಲ್ಲಿದ್ದಾಗ ಮತ್ತು ಮೊದಲ ಎರಡು ವರ್ಷ ಆ ರೇಷನ್ ಕಾಲದಲ್ಲಿ ಕಳೆದವರನ್ನು, ಅದು ಮುಗಿದ ಮೇಲೆ ಹುಟ್ಟಿದವರ ಜೊತೆ ಹೋಲಿಸಿ 2024ರಲ್ಲಿ ಒಂದು ಅಧ್ಯಯನ ಬಂತು. ರೇಷನ್ ಮಕ್ಕಳಿಗೆ ದೊಡ್ಡವರಾದ ಮೇಲೆ ಟೈಪ್ 2 ಬರುವ ಸಂಭವ ಸುಮಾರು ನೂರಕ್ಕೆ 35ರಷ್ಟು, ಬಿಪಿ ಬರುವ ಸಂಭವ 20ರಷ್ಟು ಕಮ್ಮಿ ಇತ್ತು. ಸಕ್ಕರೆ ಸಿಗದಿದ್ದದ್ದೇ ಅವರ ಪುಣ್ಯ!

ಚಹಾದಲ್ಲಿ ಬಿಸ್ಕಿಟ್ ಅದ್ದಿ ಕೂಸಿಗೆ ತಿನ್ನಿಸುವುದು ನಮ್ಮ ಕಡೆ ಬಹಳ. ಸಕ್ಕರೆಯ ಜೊತೆ ಇನ್ನೊಂದು ತೊಂದರೆ, ಚಹಾ ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಾಲಿಗೆ ಹಾಕುವ ಚಾಕಲೇಟ್ ಪುಡಿಗಳಲ್ಲೂ ಕೆಲವದರಲ್ಲಿ 100 ಗ್ರಾಂಗೆ 30 ಗ್ರಾಂ ದಾಟಿ ಸಕ್ಕರೆ ಇರುತ್ತದೆ. ಇಂಥವನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಹೇಳಿತು.

ಸಿಹಿ ತಿಂದರೆ ಹುಡುಗರು ಹುಚ್ಚೆದ್ದು ಕುಣಿಯುತ್ತಾರೆ ಅನ್ನುವುದು ಮಾತ್ರ ನಿಜವಲ್ಲ. ಪರೀಕ್ಷೆ ಮಾಡಿ ನೋಡಿದ್ದಾರೆ, ಸಂಬಂಧ ಸಿಕ್ಕಿಲ್ಲ. ಮದುವೆ ಮನೆಯಲ್ಲಿ ಜಿಲೇಬಿ ಇಲ್ಲದಿದ್ದರೂ ಅವರು ಕುಣಿಯುತ್ತಾರೆ.

ಹಲ್ಲಿನ ಹುಳುಕಿಗೆ ಚಾಕಲೇಟ್ ಕಾರಣವಾ?

ಎಷ್ಟು ತಿಂದರು ಅನ್ನುವಷ್ಟೇ ಎಷ್ಟು ಸಲ ತಿಂದರು ಅನ್ನುವುದೂ ಮುಖ್ಯ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲಿನ ಮೇಲ್ಪದರ ಕರಗಿಸುತ್ತದೆ. ದಿನವಿಡೀ ಒಂದೊಂದೇ ಚೀಪುವುದಕ್ಕಿಂತ ಊಟದ ಜೊತೆ ಒಮ್ಮೆ ತಿಂದು ಬಾಯಿ ಮುಕ್ಕಳಿಸುವುದು ಮೇಲು. ರಾತ್ರಿ ಸಿಹಿ ಹಾಲು ಕುಡಿದು ಹಾಗೇ ಮಲಗುವುದು ಎಲ್ಲಕ್ಕಿಂತ ಕೆಟ್ಟದ್ದು.

ಹೊಲದಲ್ಲಿ ದುಡಿಯುವವರಿಗೂ ಇದೇ ಲೆಕ್ಕವಾ?

ಕಬ್ಬು ಕಡಿಯುವವರು ದಿನಕ್ಕೆ ಸುಡುವ ಶಕ್ತಿ ಕುರ್ಚಿಯಲ್ಲಿ ಕೂತ ನನಗಿಂತ ಎಷ್ಟೋ ಹೆಚ್ಚು. ಅವರ ಮಿತಿಯೂ ಅಷ್ಟು ಸಡಿಲ. ತೊಂದರೆ ಎಲ್ಲಿ ಅಂದರೆ, ಅಪ್ಪ ಹೊಲದಲ್ಲಿ ದುಡಿದು ಕುಡಿದಷ್ಟೇ ಸಿಹಿ ಚಹಾವನ್ನು ಮಗ ಕಂಪ್ಯೂಟರ್ ಮುಂದೆ ಕೂತು ಕುಡಿಯುತ್ತಾನೆ.

ಬಿಸಿಲಿಗೆ ವಾಂತಿ ಭೇದಿ ಆದಾಗ ಸಕ್ಕರೆ ಔಷಧವೇ ಹೌದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒರೆಸಿದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ಇದ್ದರೆ ಕರುಳು ಉಪ್ಪನ್ನೂ ನೀರನ್ನೂ ಬೇಗ ಹೀರುತ್ತದೆ. ಅಳತೆ ತಪ್ಪಿಸಬೇಡಿ. ಪ್ಯಾಕೆಟ್ ತರುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಓಆರ್‌ಎಸ್ ಪುಡಿಯನ್ನೇ ತನ್ನಿ. ಸಿಹಿ ಜ್ಯೂಸಿಗೆ 'ಓಆರ್‌ಎಸ್' ಅಂತ ಹೆಸರಿಟ್ಟು ಮಾರುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತಡೆದದ್ದು 2025ರ ಅಕ್ಟೋಬರ್‌ನಲ್ಲಿ.

ಪ್ಯಾಕೆಟ್ ಮೇಲೆ ಏನು ನೋಡಬೇಕು?

ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ ಇದ್ದರೆ ಅದು ಸಿಹಿತಿಂಡಿ ಅಂತಲೇ ತಿಳಿಯಿರಿ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್ಟ್ರೋಸ್ ಎಲ್ಲವೂ ಅದೇ ಮನೆತನ. ಲೆಕ್ಕ 100 ಮಿಲಿಗೋ ಇಡೀ ಬಾಟಲಿಗೋ ಅಂತಲೂ ನೋಡಿ.

ಶುಗರ್ ಫ್ರೀ ಗುಳಿಗೆ ಹಾಕಿಕೊಳ್ಳಲಾ?

ಶುಗರ್ ಇದ್ದವರು ಚಹಾಕ್ಕೆ ಒಂದೆರಡು ಹಾಕಿಕೊಂಡರೆ ನನ್ನ ಅಡ್ಡಿಯಿಲ್ಲ. ತೂಕ ಇಳಿಸಲು ಇದನ್ನು ನೆಚ್ಚಬೇಡಿ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸಿಹಿಯ ಚಟ ಹಾಗೇ ಉಳಿಯುತ್ತದೆ ಅನ್ನುವುದು ನನ್ನ ತಕರಾರು.

ನಾವು ಕಬ್ಬು ಬೆಳೆಯುವವರು. ಎಲ್ಲರೂ ಸಕ್ಕರೆ ಬಿಟ್ಟರೆ ನಮ್ಮ ಗತಿ?

ಈ ಪ್ರಶ್ನೆ ನಮ್ಮ ಮನೆಯಲ್ಲೇ ಎದ್ದಿದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3500 ರೂಪಾಯಿ ಕೇಳಿ ರೈತರು ರಸ್ತೆಯಲ್ಲಿ ಕೂತಿದ್ದನ್ನು ನೋಡಿದವರಿಗೆ ಇದು ಸಣ್ಣ ಮಾತಲ್ಲ. ಆದರೆ ನಾನು ಹೇಳುವುದು ಬಿಡಿ ಅಂತಲ್ಲ, ಇಳಿಸಿ ಅಂತ. ಕಬ್ಬಿನಿಂದ ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಬರುತ್ತದೆ, ಸಿಪ್ಪೆಯಿಂದ ಕರೆಂಟ್ ಬರುತ್ತದೆ. ರೈತನ ದರ ನಿಮ್ಮ ಚಹಾದ ಮೂರನೇ ಚಮಚದ ಮೇಲೆ ನಿಂತಿಲ್ಲ.

ಶುಗರ್ ಇದ್ದವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಿ ಅನ್ನುತ್ತೀರಲ್ಲ, ಅದು ಯಾಕೆ?

ಇನ್ಸುಲಿನ್ ಅಥವಾ ಕೆಲವು ಗುಳಿಗೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಶುಗರ್ 70ಕ್ಕಿಂತ ಕೆಳಗಿಳಿಯಬಹುದು. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಕುಡಿದಿದ್ದಾನೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಜನ ಬೈದು ಹೋಗುವುದೂ ಉಂಟು. ಆಗ ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ. ಹದಿನೈದು ನಿಮಿಷ ಬಿಟ್ಟು ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ, ಸುಧಾರಿಸಿದ ಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.